ಕತ್ತರಿ ಮುಟ್ಟದ ಮಳೆಯಂಗಿ: ಕಂಬಳಿ ಕೊಪ್ಪೆಯ ಕಥೆ

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕರಿ ಕಂಬಳಿ ಇದ್ದರೆ ಒಮ್ಮೆ ಇಳಿಸಿ ನೋಡಿ. ತೋಳಿಲ್ಲ, ಗುಂಡಿಯಿಲ್ಲ, ಜೇಬಿಲ್ಲ. ನಾಲ್ಕು ಮೂಲೆಯ ಬಟ್ಟೆ, ಅಷ್ಟೇ. ಅದನ್ನು ಉದ್ದಕ್ಕೆ ಎರಡಾಗಿ ಮಡಚಿ, ಮೇಲಿನ ಅಂಚಿನ ಎರಡೂ ಪದರ ಸೇರಿಸಿ ದಾರದಿಂದ ಬಿಗಿದು ತಲೆಗೆ ಹಾಕಿಕೊಂಡರೆ ಕೊಪ್ಪೆ ಆಯಿತು. ತಲೆ, ಬೆನ್ನು, ಮೊಣಕಾಲಿನ ತನಕ ಮರೆ. ಕೊಡೆ ಹಿಡಿದವನಿಗೆ ಒಂದು ಕೈ ಹೋಗುತ್ತದೆ. ಕೊಪ್ಪೆ ಹಾಕಿದವನಿಗೆ ಎರಡು ಕೈಯೂ ಬಿಡುವು: ನೇಗಿಲು ಹಿಡಿಯಬಹುದು, ಕುರಿ ತಿರುವಬಹುದು.

ಇದನ್ನು ಕತ್ತರಿಸಿ ಹೊಲಿದು ಕೋಟು ಮಾಡಲು ನಮ್ಮ ಹಿರಿಯರಿಗೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ಮೈಲಾರಲಿಂಗನ ಗೊರವಯ್ಯರ ಕಪ್ಪು ಕಂಬಳಿಯ ನಿಲುವಂಗಿಯನ್ನು ನೀವೂ ಜಾತ್ರೆಯಲ್ಲಿ ನೋಡಿದ್ದೀರಿ. ಆದರೆ ಊರಿಂದ ಊರಿಗೆ ಮಂದೆ ಹೊಡೆದುಕೊಂಡು ಹೋಗುವವನಿಗೆ ಕೋಟು ಬರೀ ಕೋಟು. ಕತ್ತರಿ ಮುಟ್ಟದ ಕಂಬಳಿ ರಾತ್ರಿ ಹಾಸಿಗೆ, ಚಳಿಗೆ ಹೊದಿಕೆ, ಹೊಸದಾಗಿ ಹುಟ್ಟಿದ ಮರಿಯನ್ನು ಸುತ್ತಿ ಹೊರುವ ಜೋಳಿಗೆ.

ಉಣ್ಣೆಯ ಮಳೆಬಟ್ಟೆ ತೀರಾ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅರಸನ ಭಂಡಾರಕ್ಕೆ ಬರುವ ವಸ್ತುಗಳ ಪಟ್ಟಿ ಇದೆ. ಅದರಲ್ಲಿ ನೇಪಾಳದ ಒಂದು ಕರಿ ಕಂಬಳಿಯ ಮಾತು ಬರುತ್ತದೆ. ಎಂಟು ತುಂಡು ಸೇರಿಸಿ ಮಾಡಿದ್ದು, ಮಳೆ ತಡೆಯುವಂಥದ್ದು. (ಈ ಗ್ರಂಥದ ಓಲೆಪ್ರತಿಯನ್ನು ಬೆಳಕಿಗೆ ತಂದವರು ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದು ಅಚ್ಚಾಯಿತು.) ಆದರೆ ಉಣ್ಣೆ ಬಟ್ಟೆಯಲ್ಲಿ ಯಾವುದು ಶ್ರೇಷ್ಠ ಎಂದು ಹೇಳುವಾಗ ಕೌಟಿಲ್ಯ ನುಣುಪಾದ, ನಯವಾದ, ಮೆದುವಾದದ್ದಕ್ಕೇ ಮೊದಲ ಮಣೆ ಹಾಕುತ್ತಾನೆ. ಭಂಡಾರದಲ್ಲಿ ಕುಳಿತವನ ಲೆಕ್ಕ ಅದು. ಮಳೆಯಲ್ಲಿ ನಿಂತವನ ಲೆಕ್ಕ ಬೇರೆ ಎಂಬುದು ನಮ್ಮ ಅನಿಸಿಕೆ.

ಟಿಪ್ಪು ಸುಲ್ತಾನ್ ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ. ಕುರುಬರು ಕುರಿ ಸಾಕಿ ಕಂಬಳಿ ನೇಯುವುದನ್ನು ಅವನೂ ಬರೆದಿಟ್ಟಿದ್ದಾನೆ. ಚಳ್ಳಕೆರೆಯ ಕಡೆ ಇಂದಿಗೂ ಕಂಬಳಿ ಎಂದರೆ ಅದೇ ಕಸುಬು.

ಕೆಲಸ ಶುರುವಾಗುವುದು ಹಳ್ಳದಲ್ಲಿ. ಕುರಿ ಮೈ ತೊಳೆದು, ಆರಿದ ಮೇಲೆ ಉಣ್ಣೆ ಕತ್ತರಿಸುತ್ತಾರೆ. ಅದನ್ನು ಹಿಂಜಿ, ರಾಟೆಯಲ್ಲಿ ನೂಲುವವರು ಹೆಚ್ಚಾಗಿ ಹೆಂಗಸರು. ಕರಿ ಕುರಿಯ ಉಣ್ಣೆಯೇ ಕರಿ, ಬಣ್ಣದ ಖರ್ಚಿಲ್ಲ. ಆಮೇಲೆ ಬರುವುದು ಹುಣಸೆ ಬೀಜ. ಬೀಜದ ಸಿಪ್ಪೆ ತೆಗೆದು, ಪುಡಿ ಮಾಡಿ, ಕುದಿಸಿದ ಗಂಜಿಯನ್ನು ಹಾಸಿನ ನೂಲಿಗೆ ಬಳಿಯುತ್ತಾರೆ. ಒರಟು ನೂಲು ಮಗ್ಗದಲ್ಲಿ ಕೆದರಿ ಹರಿಯಬಾರದಲ್ಲ, ಅದಕ್ಕೆ. ನೆಲದಲ್ಲಿ ಗುಂಡಿ ತೋಡಿದ ಮಗ್ಗಕ್ಕೆ ಕಾಲು ಇಳಿಬಿಟ್ಟು ನೇಯುತ್ತಾರೆ. ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿರುವುದು ಈ ಗಂಜಿಯಿಂದಲೇ. ಬಿರುಸಾದ ಬಟ್ಟೆ ಮೈಗೆ ಅಂಟದೆ ತಲೆಯಿಂದ ಇಳಿಜಾರಾಗಿ ನಿಲ್ಲುತ್ತದೆ, ನೀರು ಸೂರಿನಿಂದ ಇಳಿದಂತೆ ಇಳಿಯುತ್ತದೆ.

ಉಣ್ಣೆಯ ಗುಣವೂ ಇದೆ. ಅದರ ಸ್ವಾಭಾವಿಕ ಜಿಡ್ಡು ನೀರನ್ನು ದೂರ ಇಡುತ್ತದೆ. ತೂಕದ ಶೇ 30ರಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸದು. ಬೆಂಕಿ ಕಾಯಿಸುವಾಗ ಕಿಡಿ ಬಿದ್ದರೆ ಕರಕಾಗುತ್ತದೆ, ಭಗ್ಗನೆ ಹತ್ತಿಕೊಳ್ಳದು. ಹಾಗಂತ ಬರೀ ಹೊಗಳಿಕೆಯೂ ಬೇಡ. ಇಡೀ ದಿನ ಜಡಿಮಳೆ ಹಿಡಿದರೆ ಕಂಬಳಿ ನೀರು ಕುಡಿದು ಹೆಣಭಾರವಾಗುತ್ತದೆ. ಚುಚ್ಚುತ್ತದೆ, ಕೂದಲು ಉದುರುತ್ತದೆ. ಕಂಬಳಿ ಮೇಲೆ ಕೂತು ಉಣ್ಣುವಾಗ ಕೂದಲು ಆರಿಸಿದಂತೆ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಈಗ ಪೆಟ್ಟು ಬಿದ್ದಿರುವುದು ಕುರಿಗೇ. ಒರಟು ಉಣ್ಣೆಯ ಡೆಕ್ಕನಿ ಕುರಿಗಿಂತ ಮಾಂಸ ಹೆಚ್ಚು ಬರುವ ತಳಿಗೆ ಬೆಲೆ ಜಾಸ್ತಿ. ಉಣ್ಣೆ ಮಾರಿದ ಹಣ ಕತ್ತರಿಸುವವರ ಕೂಲಿಗೂ ಸಾಲದು ಎಂದು ನಮ್ಮ ಭಾಗದ ಕುರಿಗಾಹಿಗಳು ಹೇಳುತ್ತಾರೆ. ಕತ್ತರಿಸಿದ ಉಣ್ಣೆ ಬೇಲಿ ಬದಿಯಲ್ಲಿ ಬಿದ್ದಿರುವುದನ್ನು ನಾವೇ ನೋಡಿದ್ದೇವೆ. ಮೆದು ಉಣ್ಣೆಗೆ ಗಿರಣಿ ಇದೆ, ನಮ್ಮ ಕಡೆಯ ಒರಟು ಉಣ್ಣೆಗೆ ಆಸರೆಯಾಗಿದ್ದದ್ದು ಈ ಗುಂಡಿಮಗ್ಗ.

ಕಳೆದ ಮಳೆಗಾಲದಲ್ಲಿ ಹೊಲದಲ್ಲಿ ಮಂದೆ ತರುಬಿದ್ದ ಅಜ್ಜನೊಬ್ಬರು ಸಿಕ್ಕರು. ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ, ಅದರೊಳಗೆ ಕರಿ ಕಂಬಳಿ. ಎರಡೂ ಯಾಕಜ್ಜ ಅಂದೆವು. "ಪಿಲಾಸ್ಟಿಕ್ಕು ನೀರು ತಡೀತೈತಪ್ಪ, ಚಳಿ ತಡೆಯಾಕಿಲ್ಲ" ಅಂದರು. ಆ ಕಂಬಳಿ ಅವರ ಅಪ್ಪನದಂತೆ.