ಅಂಬೆಗಾಲಿಗೂ ಒಂದು ಚಳಿಗಾಲ

ಮಾಗಿಯ ಬೆಳಗು. ಎಳೆಬಿಸಿಲು ಜಗಲಿಗೆ ಇಳಿಯುವವರೆಗೆ ಮಗುವನ್ನು ನೆಲಕ್ಕೆ ಬಿಡಬಾರದೆಂಬುದು ಅಜ್ಜಿಯ ಅಪ್ಪಣೆ. ತಲೆಗೆ ಕುಲಾವಿ, ಮೈಗೆ ಒಂದರ ಮೇಲೊಂದು ಸ್ವೆಟರ್, ಕಾಲಿಗೆ ಉಣ್ಣೆಯ ಚೀಲ. ಹೀಗೆ ಪುಟ್ಟ ಮೂಟೆಯಾದ ಎಂಟು ತಿಂಗಳ ಕೂಸು ಒಂದು ಮಡಿಲಿನಿಂದ ಇನ್ನೊಂದು ಮಡಿಲಿಗೆ ದಾಟುತ್ತಿರುತ್ತದೆ. ಪಕ್ಕದ ಮನೆಯ ಮಗು ಆರು ತಿಂಗಳಿಗೇ ಅಂಬೆಗಾಲಿಟ್ಟಿತಂತೆ, ನಮ್ಮದೇಕೆ ಇನ್ನೂ ಕದಲುತ್ತಿಲ್ಲ ಎಂಬುದು ತಾಯಿಯ ಚಿಂತೆ.

ಈ ಚಿಂತೆ ಹಳೆಯದೇ. ಆದರೆ ಯಾವ ತಿಂಗಳಿಗೆ ಮಗು ಏನು ಮಾಡಬೇಕೆಂಬ ಪಟ್ಟಿ ಅಷ್ಟು ಹಳೆಯದಲ್ಲ. ಬೋರಲು ಬೀಳುವುದು, ತೆವಳುವುದು, ಅಂಬೆಗಾಲಿಡುವುದು, ದಟ್ಟಡಿ ಇಡುವುದು ಎಂದು ಮಗುವಿನ ಒಂದೊಂದು ಹಂತಕ್ಕೂ ಕನ್ನಡದಲ್ಲಿ ಹೆಸರಿದೆ. ಅವಕ್ಕೆ ತಾರೀಖು ಹಚ್ಚುವ ಕೆಲಸ ಮಾತ್ರ ನಡೆದದ್ದು ಕಳೆದ ಎರಡು ಶತಮಾನಗಳ ಈಚೆಗೆ.

ದಿನಚರಿ ಬರೆದ ತಂದೆಯರು

1601ರಲ್ಲಿ ಹುಟ್ಟಿದ ಫ್ರಾನ್ಸಿನ ರಾಜಕುಮಾರ, ಮುಂದೆ ಹದಿಮೂರನೆಯ ಲೂಯಿ ಎನಿಸಿದವನ ಬಾಲ್ಯವನ್ನು ಅರಮನೆಯ ವೈದ್ಯ ಜಾನ್ ಎರೋವಾರ್ ದಿನ ಬಿಡದೆ ಬರೆದಿಟ್ಟಿದ್ದ. ಆದರೆ ಅದು ಸಿಂಹಾಸನದ ವಾರಸುದಾರನ ಆರೋಗ್ಯದ ಕಾವಲು. ಸಾಮಾನ್ಯ ಮಗುವೊಂದು ಮನುಷ್ಯನಾಗಿ ಬೆಳೆಯುವ ಬಗೆಯನ್ನು ತಿಳಿಯಲು ದಿನಚರಿ ಬರೆದವರಲ್ಲಿ ಮೊದಲಿಗನೆಂದು ಹೆಸರಾದವನು ಜರ್ಮನಿಯ ತತ್ತ್ವಶಾಸ್ತ್ರಜ್ಞ ಡೀಟ್ರಿಕ್ ಟೀಡೆಮಾನ್. 1781ರಲ್ಲಿ ಹುಟ್ಟಿದ ತನ್ನ ಮಗನ ಬಗ್ಗೆ ಬರೆದ ಟಿಪ್ಪಣಿಗಳನ್ನು ಆತ 1787ರಲ್ಲಿ ಪ್ರಕಟಿಸಿದ.

ಇವರೆಲ್ಲರಿಗಿಂತ ಹೆಸರಾದ ದಿನಚರಿ ಹುಟ್ಟಿದ್ದು ಲಂಡನ್ನಿನ ಒಂದು ಚಳಿಗಾಲದಲ್ಲಿ. 1839ರ ಡಿಸೆಂಬರ್ 27ರಂದು ಚಾರ್ಲ್ಸ್ ಡಾರ್ವಿನ್ ದಂಪತಿಗೆ ಮೊದಲ ಮಗು ವಿಲಿಯಂ ಹುಟ್ಟಿದ. ಬೀಗಲ್ ಹಡಗಿನಲ್ಲಿ ಲೋಕ ಸುತ್ತಿ ಬಂದಿದ್ದ ಡಾರ್ವಿನ್, ಹಕ್ಕಿ ಪ್ರಾಣಿಗಳನ್ನು ಗಮನಿಸಿದ ಅದೇ ಕಣ್ಣಿನಿಂದ ತೊಟ್ಟಿಲನ್ನೂ ನೋಡಿದರು. ಏಳನೆಯ ದಿನ ಮಗುವಿನ ಅಂಗಾಲಿಗೆ ಕಾಗದದ ಚೂರು ತಾಗಿಸಿದರೆ ಕಾಲು ಸರಕ್ಕನೆ ಹಿಂದಕ್ಕೆ ಹೋಯಿತು. ಒಂಬತ್ತನೆಯ ದಿನ ಕಣ್ಣು ಮೇಣದ ಬತ್ತಿಯ ಮೇಲೆ ನಿಂತಿತು. ನಲವತ್ತೈದನೆಯ ದಿನದ ಸುಮಾರಿಗೆ ನಿಜವಾದ ನಗು ಬಂತು. ಒಂಬತ್ತು ತಿಂಗಳಾಗುವ ಹೊತ್ತಿಗೆ ತನ್ನ ಹೆಸರು ಕೇಳಿದರೆ ಮಗು ಕನ್ನಡಿಯತ್ತ ತಿರುಗುತ್ತಿತ್ತು. ಸರಿಯಾಗಿ ಒಂದು ವರ್ಷ ತುಂಬಿದಾಗ, ಅಂದರೆ ಮತ್ತೊಂದು ಡಿಸೆಂಬರಿನ ಚಳಿಯಲ್ಲಿ, ಅದು ತಿನಿಸಿಗೆ 'ಮಮ್' ಎಂಬ ಪದವನ್ನು ತಾನೇ ಕಟ್ಟಿಕೊಂಡಿತು. ಪತ್ನಿ ಎಮ್ಮಾ ಕೂಡ ಆ ಪುಸ್ತಕದಲ್ಲಿ ಟಿಪ್ಪಣಿ ಸೇರಿಸಿದ್ದುಂಟು.

ಡಾರ್ವಿನ್ ಈ ಬರಹವನ್ನು ಮೂವತ್ತೇಳು ವರ್ಷ ಹಾಗೆಯೇ ಇಟ್ಟುಕೊಂಡಿದ್ದರು. ಫ್ರೆಂಚ್ ಲೇಖಕ ತೇನ್ ತನ್ನ ಮಗುವಿನ ಮಾತಿನ ಬೆಳವಣಿಗೆ ಕುರಿತು ಬರೆದದ್ದನ್ನು ಓದಿದ ಮೇಲೆ, 1877ರಲ್ಲಿ 'ಮೈಂಡ್' ಪತ್ರಿಕೆಗೆ ಕಳುಹಿಸಿದರು. ಆ ದಂಪತಿಯ ಹತ್ತು ಮಕ್ಕಳಲ್ಲಿ ಮೂವರು ಚಿಕ್ಕಂದಿನಲ್ಲೇ ತೀರಿಕೊಂಡರೆಂಬುದನ್ನು ಇಲ್ಲಿ ಮರೆಯುವಂತಿಲ್ಲ. ಮಗು ಯಾವಾಗ ನಡೆದೀತು ಎಂಬುದಕ್ಕಿಂತ ಉಳಿದೀತೇ ಎಂಬುದೇ ಅಂದಿನ ಮನೆಗಳ ದೊಡ್ಡ ಪ್ರಶ್ನೆ.

ಕ್ಯಾಮೆರಾ, ಮೆಟ್ಟಿಲು, ನೀರಿನ ತೊಟ್ಟಿ

ಇಪ್ಪತ್ತನೆಯ ಶತಮಾನದಲ್ಲಿ ಮಗು ತಂದೆಯ ಟಿಪ್ಪಣಿ ಪುಸ್ತಕದಿಂದ ಪ್ರಯೋಗಾಲಯಕ್ಕೆ ಬಂತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆರ್ನಾಲ್ಡ್ ಗೆಸೆಲ್ 1911ರಲ್ಲಿ ಆರಂಭಿಸಿದ ಚಿಕಿತ್ಸಾಲಯದಲ್ಲಿ ಶಿಶುಗಳ ಚಲನೆಗಳನ್ನು ಸಿನಿಮಾ ಕ್ಯಾಮೆರಾದಲ್ಲಿ ಸೆರೆಹಿಡಿದು, ವಯಸ್ಸಿಗೆ ತಕ್ಕ ಪಟ್ಟಿ ಸಿದ್ಧಪಡಿಸಲಾಯಿತು. 1929ರಲ್ಲಿ ಪ್ರಕಟವಾದ ಅವಳಿ ಮಕ್ಕಳ ಪ್ರಯೋಗ ಪ್ರಸಿದ್ಧ. ಒಂದು ಮಗುವಿಗೆ 46ನೇ ವಾರದಿಂದ ಆರು ವಾರ ಮೆಟ್ಟಿಲು ಹತ್ತುವ ಅಭ್ಯಾಸ ಮಾಡಿಸಿದರು. ಇನ್ನೊಂದಕ್ಕೆ 53ನೇ ವಾರದಿಂದ ಎರಡೇ ವಾರ. ತಡವಾಗಿ ಕಲಿತ ಮಗು ಬೇಗನೆ ಮೊದಲನೆಯದರ ಸರಿಸಮಕ್ಕೆ ಬಂತು. ಕಾಲ ಕೂಡಿಬರದೆ ಕಾಲು ಬಾರದು ಎಂಬುದು ಗೆಸೆಲ್ ಅವರ ನಿಲುವು.

1940ರಲ್ಲಿ ವೇಯ್ನ್ ಡೆನ್ನಿಸ್ ದಂಪತಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಬೆಂಬಲಿಸಿತು. ಅಮೆರಿಕದ ಮೂಲನಿವಾಸಿ ಹೋಪಿ ಜನರಲ್ಲಿ ಎಳೆಗೂಸನ್ನು ಹಲಗೆಗೆ ಬಟ್ಟೆಯಿಂದ ಸುತ್ತಿ ಕಟ್ಟುವ ರೂಢಿ ಇತ್ತು. ಹಾಗೆ ಬೆಳೆದ ಮಕ್ಕಳೂ, ಹಲಗೆ ಕಾಣದ ಮಕ್ಕಳೂ ಸುಮಾರು 15 ತಿಂಗಳಿಗೇ ನಡೆದಿದ್ದರು.

ಆದರೆ ಎಲ್ಲವೂ ಒಳಗಿನ ಗಡಿಯಾರವೇ? 1984ರಲ್ಲಿ ಎಸ್ತರ್ ಥೆಲೆನ್ ಮತ್ತು ಸಂಗಡಿಗರು ಬೇರೆ ಮಾತು ಹೇಳಿದರು. ನವಜಾತ ಶಿಶುವನ್ನು ಎತ್ತಿ ಹಿಡಿದು ಪಾದ ನೆಲಕ್ಕೆ ತಾಗಿಸಿದರೆ ಅದು ಹೆಜ್ಜೆ ಹಾಕುವಂತೆ ಕಾಲಾಡಿಸುತ್ತದೆ. ಎರಡು ತಿಂಗಳಾಗುವ ಹೊತ್ತಿಗೆ ಈ ಆಟ ಮಾಯ. ಮೆದುಳೇ ಅದನ್ನು ಅಡಗಿಸುತ್ತದೆಂದು ನಂಬಲಾಗಿತ್ತು. ಅಂಥ ಮಕ್ಕಳನ್ನು ಎದೆಮಟ್ಟದ ಬೆಚ್ಚನೆಯ ನೀರಿನಲ್ಲಿ ಹಿಡಿದಾಗ ಹೆಜ್ಜೆಗಳು ಮತ್ತೆ ಹೆಚ್ಚಿದವು! ಮಗು ಮರೆತಿರಲಿಲ್ಲ. ತುಂಬಿಕೊಂಡ ತೊಡೆ ಭಾರವಾಗಿತ್ತು, ಅಷ್ಟೇ.

ಸ್ವೆಟರಿನ ಲೆಕ್ಕ

ಇಲ್ಲಿಂದ ಚಳಿಗಾಲದ ಪ್ರಶ್ನೆಗೆ ದಾರಿ ತೆರೆಯಿತು. ಮೈಭಾರವೇ ಹೆಜ್ಜೆಯನ್ನು ತಡೆಯಬಲ್ಲುದಾದರೆ, ಹೊದಿಕೆಯ ಭಾರ? ಅಮೆರಿಕದ ಡೆನ್ವರ್ ನಗರದ 425 ಶಿಶುಗಳ ಮಾಹಿತಿ ಕಲೆಹಾಕಿದ ಜೇನೆಟ್ ಬೆನ್ಸನ್ 1993ರಲ್ಲಿ ಒಂದು ಕುತೂಹಲಕರ ಸಂಗತಿ ಪ್ರಕಟಿಸಿದರು. ಚಳಿಗಾಲ ಮತ್ತು ವಸಂತದಲ್ಲಿ ಹುಟ್ಟಿದ ಮಕ್ಕಳು, ಬೇಸಿಗೆ ಮತ್ತು ಶರತ್ಕಾಲದಲ್ಲಿ ಹುಟ್ಟಿದವರಿಗಿಂತ ಸುಮಾರು ಮೂರು ವಾರ ಮೊದಲೇ ಅಂಬೆಗಾಲಿಟ್ಟಿದ್ದವು. 2013ರಲ್ಲಿ ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಸಂಶೋಧಕರು 47 ಶಿಶುಗಳನ್ನು ಗಮನಿಸಿದಾಗ ಅಂತರ ಇನ್ನೂ ಹೆಚ್ಚು: ಮೊದಲ ಗುಂಪು 30ನೇ ವಾರಕ್ಕೆ, ಎರಡನೆಯದು 35ನೇ ವಾರಕ್ಕೆ.

ಕಾರಣ ಜಾತಕದಲ್ಲಿಲ್ಲ. ಜೂನ್‌ನಲ್ಲಿ ಹುಟ್ಟಿದ ಮಗುವಿಗೆ ಏಳೆಂಟು ತಿಂಗಳು ತುಂಬುವುದು ಜನವರಿ, ಫೆಬ್ರವರಿಯಲ್ಲಿ. ಆಗ ನೆಲ ತಣ್ಣಗೆ, ಬಟ್ಟೆ ದಪ್ಪ, ಮಗು ಹೆಚ್ಚು ಹೊತ್ತು ಮಡಿಲಲ್ಲಿ. ಮೊಣಕಾಲೂರಲು ಸಿಗುವ ಸಮಯವೇ ಕಡಿಮೆ. ಹಾಗೆಂದು ಇದು ಬುದ್ಧಿಮಾಂದ್ಯವೂ ಅಲ್ಲ, ಸೋಮಾರಿತನವೂ ಅಲ್ಲ. ಕೆಲವು ವಾರಗಳ ತಡ, ಅಷ್ಟೇ.

ಪಟ್ಟಿ ಎಂದರೆ ಪರೀಕ್ಷೆಯಲ್ಲ

ಈ ತಿಳಿವಳಿಕೆಯಿಂದ ಪಟ್ಟಿಗಳೂ ಬದಲಾದವು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ 816 ಮಕ್ಕಳ ಅಧ್ಯಯನದಿಂದ 2006ರಲ್ಲಿ ಹೊರತಂದ ಮಾನದಂಡದಲ್ಲಿ ಒಂದೇ ತಾರೀಖಿಲ್ಲ, ವಿಶಾಲವಾದ ಅವಧಿ ಇದೆ. ಯಾರ ಆಸರೆಯೂ ಇಲ್ಲದೆ ನಡೆಯುವುದಕ್ಕೆ ಸುಮಾರು 8ರಿಂದ ಹದಿನೇಳೂವರೆ ತಿಂಗಳು. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲನ್ನೇ ಇಡದೆ ಮುಂದಿನ ಹಂತಕ್ಕೆ ಹೋದವು. 2022ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತನ್ನ ಪಟ್ಟಿಯಿಂದ ಅಂಬೆಗಾಲನ್ನೇ ಕೈಬಿಟ್ಟಿತು.

ಹಾಗಾದರೆ ಪಟ್ಟಿಯೇ ಬೇಡವೇ? ಬೇಕು. ಒಂದೂವರೆ ವರ್ಷವಾದರೂ ನಡೆಯದ, ಅಥವಾ ಕಲಿತದ್ದನ್ನು ಮರೆಯುತ್ತಿರುವ ಮಗುವನ್ನು 'ನಿಧಾನವಾಗಿ ಬರುತ್ತೆ ಬಿಡಿ' ಎಂದು ಮನೆಯಲ್ಲೇ ಇರಿಸಿಕೊಂಡರೆ ಅಮೂಲ್ಯ ಕಾಲ ಕಳೆದುಹೋಗುತ್ತದೆ. ವೈದ್ಯರು ನೋಡಬೇಕಾದ ಮಗುವನ್ನು ಗುರುತಿಸಲು ಪಟ್ಟಿ ಇರುವುದೇ ಹೊರತು, ನೆರೆಮನೆಯ ಮಗುವಿನೊಡನೆ ಪಂದ್ಯ ಕಟ್ಟಲು ಅಲ್ಲ. ಈ ಕೆಲಸಕ್ಕೆ ನಮ್ಮಲ್ಲಿ ಅಂಗನವಾಡಿ ಇದೆ. 1975ರಲ್ಲಿ ದೇಶದ 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ.

ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನಲ್ಲಿ ಅಂಬೆಗಾಲು ಕೃಷ್ಣನಿದ್ದಾನೆ. ಮಕ್ಕಳಿಲ್ಲದವರು ಅಲ್ಲಿ ತೊಟ್ಟಿಲು ಹರಕೆ ಕಟ್ಟುತ್ತಾರೆ. ಪಕ್ಕದ ಚನ್ನಪಟ್ಟಣದಲ್ಲಿ ಮಗು ಹಿಡಿದು ನಿಂತು ತಳ್ಳಿಕೊಂಡು ನಡೆಯುವ ಮರದ ಗಾಡಿಗಳು ಸಿಗುತ್ತವೆ. ಅಂಬೆಗಾಲಿಗೂ ಮೊದಲ ಹೆಜ್ಜೆಗೂ ನಡುವಿನ ದೂರ ಅಲ್ಲಿ ಕೆಲವೇ ಕಿಲೋಮೀಟರ್. ಮನೆಯೊಳಗಿನ ಮಗುವಿಗೆ ಅದು ಕೆಲವು ತಿಂಗಳ ಪಯಣ. ಬಿಸಿಲು ಜಗಲಿಗೆ ಬಂದ ಮೇಲೆ ಒಂದು ಸ್ವೆಟರ್ ಕಳಚಿ, ಚಾಪೆ ಹಾಸಿ ಕೆಳಗೆ ಬಿಟ್ಟರೆ ಉಳಿದದ್ದನ್ನು ಮಗುವೇ ನೋಡಿಕೊಳ್ಳುತ್ತದೆ.