60ರಿಂದ 500 ಹರ್ಟ್ಜ್‌ವರೆಗೆ: ಗೇಮಿಂಗ್ ಮಾನಿಟರ್ ಬೆಳೆದ ಬಗೆ

ಮಾನಿಟರ್‌ ಒಂದು ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ತೋರಿಸಬಲ್ಲದು ಎಂಬುದೇ ಅದರ ರಿಫ್ರೆಶ್ ರೇಟ್. ಇದರ ಲೆಕ್ಕ ಹರ್ಟ್ಜ್‌ಗಳಲ್ಲಿ. 60 ಹರ್ಟ್ಜ್ ಪರದೆಯ ಮೇಲೆ ಒಂದೊಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9, 240ರಲ್ಲಿ 4.2, 500ರಲ್ಲಿ 2. ಅಂದರೆ 60ರಿಂದ 144ಕ್ಕೆ ಏರಿದಾಗ ಸುಮಾರು 10 ಮಿಲಿಸೆಕೆಂಡ್ ಉಳಿಯುತ್ತದೆ. 240ರಿಂದ 500ಕ್ಕೆ ಏರಿದರೆ ಉಳಿಯುವುದು ಎರಡು ಚಿಲ್ಲರೆ ಮಾತ್ರ. ಪೆಟ್ಟಿಗೆಯ ಮೇಲಿನ ಅಂಕಿ ಬೆಳೆದಷ್ಟು ವೇಗವಾಗಿ ಕಣ್ಣಿಗೆ ಸಿಗುವ ಲಾಭ ಬೆಳೆಯುವುದಿಲ್ಲ. ಈ ಕ್ಷೇತ್ರದ ನಿಜವಾದ ಬೆಳವಣಿಗೆಯನ್ನು ಕಾಣಲು ಆ ಅಂಕಿಯ ಜೊತೆಗೆ ಪ್ಯಾನೆಲ್, ಗ್ರಾಫಿಕ್ಸ್ ಕಾರ್ಡ್, ಕೇಬಲ್‌ಗಳನ್ನೂ ನೋಡಬೇಕು.

ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರ್‌ಗಳು 1990ರ ದಶಕದಲ್ಲೇ 85, 100 ಹರ್ಟ್ಜ್ ಮುಟ್ಟಿದ್ದವು. ಎಲೆಕ್ಟ್ರಾನ್ ಕಿರಣ ತಾಗಿದ ಚುಕ್ಕಿ ಕ್ಷಣಮಾತ್ರ ಬೆಳಗಿ ಆರುತ್ತಿದ್ದುದರಿಂದ 60 ಹರ್ಟ್ಜ್‌ನಲ್ಲಿ ಪರದೆ ಮಿನುಗಿ ಕಣ್ಣು ದಣಿಯುತ್ತಿತ್ತು. ವೇಗ ಹೆಚ್ಚಿಸಿದ್ದು ಅದನ್ನು ತಪ್ಪಿಸಲು. ಆದರೆ ಬೆಳಗಿ ಆರುವ ಅದೇ ಗುಣದಿಂದ ಓಡುವ ವಸ್ತುಗಳು ಚೂಪಾಗಿ ಕಾಣುತ್ತಿದ್ದವು. ಎಲ್‌ಸಿಡಿ ಬಂದಾಗ ಮಿನುಗು ಹೋಯಿತು, ಮೇಜಿನ ಮೇಲೆ ಜಾಗ ಉಳಿಯಿತು, ವೇಗ ಮಾತ್ರ 60ಕ್ಕೆ ಇಳಿಯಿತು. ಎಲ್‌ಸಿಡಿಯಲ್ಲಿ ಮುಂದಿನ ಚಿತ್ರ ಬರುವವರೆಗೆ ಹಿಂದಿನದು ಅಲ್ಲಾಡದೆ ನಿಂತಿರುತ್ತದೆ, ಓಡುವ ವಸ್ತುವನ್ನು ಹಿಂಬಾಲಿಸುವ ಕಣ್ಣು ಮಾತ್ರ ಮುಂದೆ ಸರಿಯುತ್ತಿರುತ್ತದೆ. ಸೆಕೆಂಡಿಗೆ 1000 ಪಿಕ್ಸೆಲ್ ಓಡುವ ವಸ್ತು 60 ಹರ್ಟ್ಜ್‌ನಲ್ಲಿ ಸುಮಾರು 17 ಪಿಕ್ಸೆಲ್‌ನಷ್ಟು ಮಸುಕಾಗುವುದು ಇದರಿಂದಲೇ. ಆಟಗಾರರ ಮಟ್ಟಿಗೆ ಇದು ಸ್ಪಷ್ಟ ಹಿನ್ನಡೆ.

ಎಲ್‌ಸಿಡಿಗೆ ವೇಗ ಬಂದದ್ದು ತ್ರೀಡಿಯ ನೆಪದಲ್ಲಿ. 2009ರಲ್ಲಿ ಗ್ರಾಫಿಕ್ಸ್ ಕಾರ್ಡ್ ಕಂಪನಿ ಎನ್‌ವಿಡಿಯಾ ಹೊರತಂದ ತ್ರೀಡಿ ವಿಷನ್ ಕನ್ನಡಕ ಎಡಗಣ್ಣು ಬಲಗಣ್ಣುಗಳನ್ನು ಸರದಿಯಂತೆ ಮುಚ್ಚುತ್ತಿತ್ತು. ಕಣ್ಣೊಂದಕ್ಕೆ 60ರಂತೆ ಪರದೆಗೆ 120 ಹರ್ಟ್ಜ್ ಬೇಕಾಯಿತು. ಸ್ಯಾಮ್‌ಸಂಗ್, ವ್ಯೂಸಾನಿಕ್‌ಗಳ 22 ಇಂಚಿನ ಮಾನಿಟರ್‌ಗಳು ಇದಕ್ಕೆಂದೇ ಬಂದವು. ತ್ರೀಡಿ ಮೂಲೆಗೆ ಸರಿಯಿತು, 120 ಉಳಿಯಿತು. 2013ರಲ್ಲಿ ಆಸುಸ್ ಕಂಪನಿಯ ವಿಜಿ248ಕ್ಯೂಇಯಂಥ 24 ಇಂಚಿನ ಮಾದರಿಗಳು 144 ಹರ್ಟ್ಜ್ ಅನ್ನು ಸಾಮಾನ್ಯ ಆಟಗಾರರ ಕೈಗೆಟಕಿಸಿದವು.

ಆಗ ಮುನ್ನೆಲೆಗೆ ಬಂದದ್ದು ತಾಳದ ಸಮಸ್ಯೆ. ಮಾನಿಟರ್ ನಿಗದಿತ ಲಯದಲ್ಲಿ ಚಿತ್ರ ಬದಲಿಸುತ್ತದೆ, ಗ್ರಾಫಿಕ್ಸ್ ಕಾರ್ಡ್ ಮಾತ್ರ ದೃಶ್ಯದ ಭಾರಕ್ಕೆ ತಕ್ಕಂತೆ ಒಮ್ಮೆ ಬೇಗ, ಒಮ್ಮೆ ತಡವಾಗಿ ಫ್ರೇಮ್ ಕೊಡುತ್ತದೆ. ಎರಡರ ತಾಳ ತಪ್ಪಿದಲ್ಲಿ ಚಿತ್ರ ಅಡ್ಡಲಾಗಿ ಹರಿದಂತೆ ಕಾಣುತ್ತದೆ. ಕಾರ್ಡನ್ನು ಮಾನಿಟರ್‌ನ ಲಯಕ್ಕೆ ಕಟ್ಟಿಹಾಕುವ ವಿ-ಸಿಂಕ್ ಆ ಹರಿಯುವಿಕೆಯನ್ನು ತಡೆದರೂ ಕಾರ್ಡ್ ಹಿಂದೆ ಬಿದ್ದಾಗ ಆಟ ತಡವರಿಸುತ್ತದೆ, ಮೌಸ್ ಅಲುಗಿಸಿದ್ದು ತಡವಾಗಿ ಪರದೆಗೆ ಮುಟ್ಟುತ್ತದೆ. 2013ರ ಅಕ್ಟೋಬರ್‌ನಲ್ಲಿ ಎನ್‌ವಿಡಿಯಾ ಪ್ರಕಟಿಸಿದ ಜಿ-ಸಿಂಕ್ ಲೆಕ್ಕವನ್ನೇ ತಿರುಗಿಸಿತು: ಫ್ರೇಮ್ ಸಿದ್ಧವಾಗುವವರೆಗೆ ಪರದೆಯೇ ಕಾಯಬೇಕು. ಅದಕ್ಕೆ ಮಾನಿಟರ್‌ನೊಳಗೆ ಪ್ರತ್ಯೇಕ ಮಾಡ್ಯೂಲ್ ಬೇಕಿದ್ದುದರಿಂದ ಬೆಲೆ ಏರಿತು. 2014ರ ಮೇ ತಿಂಗಳಲ್ಲಿ ಪರದೆಗಳ ಮಾನದಂಡ ರೂಪಿಸುವ ವೇಸಾ ಸಂಸ್ಥೆ ಇದೇ ಸೌಲಭ್ಯವನ್ನು ಡಿಸ್‌ಪ್ಲೇಪೋರ್ಟ್ ಎಂಬ ಕೇಬಲ್ ಮಾನದಂಡಕ್ಕೆ ಸೇರಿಸಿತು. ಎನ್‌ವಿಡಿಯಾದ ಪ್ರತಿಸ್ಪರ್ಧಿ ಎಎಂಡಿಯ ಫ್ರೀಸಿಂಕ್ ಅದರ ಮೇಲೆ ನಿಂತಿತು. 2019ರ ಜನವರಿಯಲ್ಲಿ ಎನ್‌ವಿಡಿಯಾ ಕೂಡ ಅಂಥ ಮಾನಿಟರ್‌ಗಳಿಗೆ ಬೆಂಬಲ ಕೊಟ್ಟಿತು. ಇಡೀ ಚರಿತ್ರೆಯಲ್ಲಿ ಆಟದ ಅನುಭವವನ್ನು ಅತಿ ಹೆಚ್ಚು ಬದಲಿಸಿದ ಹೆಜ್ಜೆ ಫ್ರೇಮ್‌ಗಾಗಿ ಪರದೆ ಕಾಯುವ ಈ ವಿಧಾನವೇ. ಸೆಕೆಂಡಿಗೆ 70ರಿಂದ 110 ಫ್ರೇಮ್‌ಗಳ ನಡುವೆ ಓಲಾಡುವ ಆಟವೂ ಈಗ ನಯವಾಗಿ ಓಡುತ್ತದೆ. ಅದಕ್ಕೆ ಅತಿ ದುಬಾರಿ ಕಾರ್ಡ್ ಬೇಕಿಲ್ಲ.

ಇನ್ನೊಂದು ತೊಡಕು ಪಿಕ್ಸೆಲ್‌ನ ಸೋಮಾರಿತನ. 144 ಹರ್ಟ್ಜ್‌ನಲ್ಲಿ 7 ಮಿಲಿಸೆಕೆಂಡ್‌ನೊಳಗೆ ಬಣ್ಣ ಬದಲಿಸದ ಪಿಕ್ಸೆಲ್ ಹಿಂದೆ ನೆರಳು ಬಿಡುತ್ತದೆ. ಎಲ್‌ಸಿಡಿಯ ಬಗೆಗಳಲ್ಲಿ ಟಿಎನ್ ಪ್ಯಾನೆಲ್‌ಗಳು ಚುರುಕಾಗಿದ್ದವು, ಆದರೆ ಬದಿಯಿಂದ ನೋಡಿದರೆ ಬಣ್ಣ ಕೆಡುತ್ತಿತ್ತು. ಕಾಲಕ್ರಮೇಣ ಐಪಿಎಸ್ ಎಂಬ ಬಗೆ ಅವುಗಳ ವೇಗಕ್ಕೆ ಹತ್ತಿರ ಬಂತು. ವಿಎ ಪ್ಯಾನೆಲ್‌ಗಳಲ್ಲಿ ಕಪ್ಪು ಗಾಢ, ಆದರೆ ಕತ್ತಲ ದೃಶ್ಯಗಳಲ್ಲಿ ಅವು ಹಿಂದೆ ಬೀಳುವುದು ಹೆಚ್ಚು. ಪಿಕ್ಸೆಲ್ ಅನ್ನು ಚುರುಕುಗೊಳಿಸಲು ಓವರ್‌ಡ್ರೈವ್ ಎಂಬ ಹೆಚ್ಚುವರಿ ವೋಲ್ಟೇಜ್ ತಳ್ಳುತ್ತಾರೆ. ಅತಿಯಾದರೆ ಅಂಚುಗಳಲ್ಲಿ ಬಿಳಿ ನೆರಳು ಏಳುತ್ತದೆ. ಜಾಹೀರಾತಿನ 1 ಮಿಲಿಸೆಕೆಂಡ್ ಎಷ್ಟೋ ಸಲ ಈ ಅತಿಯ ಸ್ಥಿತಿಯಲ್ಲಿ ಅಳೆದದ್ದು, ದಿನನಿತ್ಯದ ಬಳಕೆಯಲ್ಲಿ ಸಿಗುವಂಥದ್ದಲ್ಲ. ಫ್ರೇಮ್‌ಗಳ ನಡುವೆ ಹಿಂಬೆಳಕು ಆರಿಸಿ ಪಿಕ್ಚರ್ ಟ್ಯೂಬ್‌ನ ಚೂಪನ್ನು ಮರಳಿ ತರುವ ವಿಧಾನವೂ ಇದೆ. ಅದರಿಂದ ಪ್ರಖರತೆ ಕುಗ್ಗುತ್ತದೆ.

240 ಹರ್ಟ್ಜ್ 2017ರ ಹೊತ್ತಿಗೆ, 360 ಹರ್ಟ್ಜ್ 2020ರಲ್ಲಿ, 500 ಹರ್ಟ್ಜ್ 2023ರಲ್ಲಿ ಮಾರುಕಟ್ಟೆಗೆ ಬಂದವು. ಇವು ಹೆಚ್ಚಾಗಿ ಕೌಂಟರ್-ಸ್ಟ್ರೈಕ್, ವ್ಯಾಲೊರಂಟ್‌ನಂಥ ಆಟಗಳ ಸ್ಪರ್ಧಿಗಳಿಗಾಗಿ ಮಾಡಿದ 24-25 ಇಂಚಿನ ಪರದೆಗಳು. 2022ರಿಂದ ಗೇಮಿಂಗ್ ಮಾನಿಟರ್‌ಗಳಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಓಎಲ್ಇಡಿ ಪ್ಯಾನೆಲ್ ಹರಡತೊಡಗಿದ ಮೇಲೆ ಪಿಕ್ಸೆಲ್ ವೇಗದ ಚಿಂತೆ ಬಹುಮಟ್ಟಿಗೆ ಕಳೆಯಿತು, ಕಪ್ಪು ನಿಜವಾಗಿ ಕಪ್ಪಾಯಿತು. ಕದಲದ ಚಿತ್ರ ಬಹುಕಾಲ ನಿಂತರೆ ಅದರ ಅಚ್ಚು ಪರದೆಯಲ್ಲಿ ಉಳಿಯುವ ಭಯ ಮಾತ್ರ ಇದೆ.

ಕೊನೆಯದು ಕೇಬಲ್‌ನ ಮಾತು. 4ಕೆ ಪರದೆಗೆ 240 ಹರ್ಟ್ಜ್‌ನಲ್ಲಿ ಸೆಕೆಂಡಿಗೆ 47 ಗಿಗಾಬಿಟ್‌ಗೂ ಹೆಚ್ಚು ದತ್ತಾಂಶ ಹರಿಯಬೇಕು. ಡಿಸ್‌ಪ್ಲೇಪೋರ್ಟ್ 1.4 ಸುಮಾರು 26ನ್ನಷ್ಟೇ ಸಾಗಿಸಬಲ್ಲದು, ಆದ್ದರಿಂದ ಅಲ್ಲಿ ಸಂಕೋಚನ ಅನಿವಾರ್ಯ, 2.1ರ ಗರಿಷ್ಠ ದರ 80 ಗಿಗಾಬಿಟ್. ಹಳೆಯ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ದುಬಾರಿ ಮಾನಿಟರ್ ಕೂಡ ತನ್ನ ಪೂರ್ಣ ವೇಗ ತೋರಿಸಲಾರದು. ಸರಿಯಾದ ಕೇಬಲ್ ಹಾಕಿದ ಮೇಲೂ ವಿಂಡೋಸ್ 60 ಹರ್ಟ್ಜ್‌ನಲ್ಲೇ ಉಳಿದಿರುವುದುಂಟು. ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಅದನ್ನು ಬಳಕೆದಾರರೇ ಬದಲಿಸಬೇಕಾಗುತ್ತದೆ.