ಇದ್ದಿಲು, ನೀರು ಮತ್ತು ನಮ್ಮ ಹೊಣೆ



ದಿನಕ್ಕೆ ಐದು ಬಾರಿ ವುಝೂ ಮಾಡುವ ನಮಗೆ ನೀರಿನ ಶುದ್ಧತೆಯ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ನಿಂತ ನೀರನ್ನು ಮಲಿನಗೊಳಿಸಬಾರದೆಂದು ಪ್ರವಾದಿಯವರು (ಸ) ತಡೆದಿದ್ದಾರೆ. ಆದರೆ ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ಮಾಲಿನ್ಯವೊಂದು ನೀರಿನಲ್ಲಿ ಬೆರೆತರೆ ಏನು ಮಾಡುವುದು? ಆ ಪ್ರಶ್ನೆಗೆ ಒಂದು ಉತ್ತರ ನಮ್ಮ ಒಲೆಯಲ್ಲೇ ಇದೆ. ಅದೇ ಇದ್ದಿಲು, ಉರ್ದುವಿನ ಕೋಯ್ಲಾ.

1785ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಟೋಬಿಯಾಸ್ ಲೋವಿಟ್ಸ್ ಎಂಬ ಔಷಧ ತಯಾರಕ, ಕಂದು ಬಣ್ಣಕ್ಕೆ ತಿರುಗಿದ ದ್ರಾವಣವನ್ನು ಇದ್ದಿಲಿನ ಪುಡಿ ತಿಳಿಗೊಳಿಸುವುದನ್ನು ಕಂಡನು. ಕೆಟ್ಟ ನೀರಿನ ವಾಸನೆಯನ್ನೂ ಅದು ನೀಗಿಸುತ್ತದೆಂದು ತೋರಿಸಿಕೊಟ್ಟನು. 1881ರಲ್ಲಿ ಜರ್ಮನಿಯ ಹೈನ್ರಿಕ್ ಕೈಸರ್ ಈ ಗುಣಕ್ಕೆ ಹೆಸರಿಟ್ಟನು. ನಾವು ಅದನ್ನು ಅಧಿಶೋಷಣೆ ಎನ್ನುತ್ತೇವೆ. ಸ್ಪಂಜು ನೀರನ್ನು ಒಳಗೆ ಹೀರುತ್ತದೆ. ಇದ್ದಿಲಾದರೋ ಬೇಡದ ಕಣಗಳನ್ನು ತನ್ನ ಮೇಲ್ಮೈಗೆ ಅಂಟಿಸಿಕೊಳ್ಳುತ್ತದೆ. ಹಬೆ ಅಥವಾ ರಾಸಾಯನಿಕದಿಂದ ಸಂಸ್ಕರಿಸಿದ ಒಂದು ಗ್ರಾಂ ಇದ್ದಿಲಿನ ಒಳರಂಧ್ರಗಳನ್ನು ಬಿಡಿಸಿ ಹಾಸಿದರೆ 500ರಿಂದ 1500 ಚದರ ಮೀಟರ್ ಆಗಬಹುದು! ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಸೈನಿಕರನ್ನು ಕಾಪಾಡಿದ ಮುಖವಾಡಗಳಲ್ಲಿ ಇದ್ದುದು ಇದೇ ಇದ್ದಿಲು.

ಇನ್ನೊಂದು ಇತಿಹಾಸವನ್ನು ಗಮನಿಸಿರಿ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದನು. 1945ರ ನೊಬೆಲ್ ಭಾಷಣದಲ್ಲಿ ಆತನೇ ಎಚ್ಚರಿಸಿದ್ದನು: ಸಾಕಷ್ಟು ಪ್ರಮಾಣದಲ್ಲಿ ಔಷಧ ಸಿಗದಿದ್ದರೆ ರೋಗಾಣುಗಳು ಸಾಯದೆ ಅದನ್ನೇ ಎದುರಿಸಲು ಕಲಿಯುತ್ತವೆ. ಆ ಮಾತು ನಿಜವಾಯಿತು. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನರ ಸಾವಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವೆಂದು ಅಂದಾಜಿಸಲಾಗಿದೆ.

ಈ ಎರಡೂ ಇತಿಹಾಸಗಳು ಕೂಡುವ ಜಾಗ ನಮಗೆ ದೂರವಲ್ಲ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಹಲವಾರು ಔಷಧ ಕಾರ್ಖಾನೆಗಳ ಕೊಳಚೆಯನ್ನು ಒಟ್ಟಿಗೆ ಸಂಸ್ಕರಿಸುತ್ತಿದ್ದರು. ಹಾಗೆ ಸಂಸ್ಕರಿಸಿ ಹೊರಬಿಟ್ಟ ನೀರನ್ನು ಸ್ವೀಡನ್ನಿನ ಯೋಕಿಮ್ ಲಾರ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಅದರಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇತ್ತು. ಲೆಕ್ಕ ಹಾಕಿ ನೋಡಿರಿ: ಸುಮಾರು ಹದಿನಾರು ಲೀಟರ್ ನೀರಿನಲ್ಲಿ 500 ಮಿಲಿಗ್ರಾಂನ ಒಂದು ಮಾತ್ರೆ! ಅಲ್ಲಿಯ ಹಳ್ಳಗಳು ಸೇರುವುದು ಮಾಂಜ್ರಾ ನದಿಗೆ. ನಮ್ಮ ಬೀದರ್ ಜಿಲ್ಲೆಯನ್ನು ಹಾದು ಕೆಳಗೆ ಹರಿದುಹೋಗುವ ಅದೇ ಮಾಂಜ್ರಾ.

ಸಂಸ್ಕರಿಸಿದ ಇದ್ದಿಲು ಇಂಥ ಔಷಧಗಳನ್ನು ನೀರಿನಿಂದ ಹಿಡಿದಿಡಬಲ್ಲದು. ಆದರೆ ಬೆಲೆ ಹೆಚ್ಚು. ಆದ್ದರಿಂದ ಸಂಶೋಧಕರು ತೆಂಗಿನ ಚಿಪ್ಪು, ಭತ್ತದ ಹೊಟ್ಟು, ಕಬ್ಬಿನ ಸಿಪ್ಪೆ, ಮರದ ಹೊಟ್ಟು, ಜೇಡಿಮಣ್ಣುಗಳನ್ನು ಪ್ರಯೋಗಿಸುತ್ತಿದ್ದಾರೆ. ಇವು ನಾವು ತಿಪ್ಪೆಗೆ ಎಸೆಯುವ ವಸ್ತುಗಳಲ್ಲವೇ? ಆದರೂ ಒಂದು ಮಾತು ನೆನಪಿರಲಿ. ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಸಿಕ್ಕ ಯಶಸ್ಸು ಕೊಳಚೆಯಲ್ಲಿ ಅಷ್ಟೇ ಸಿಗದು. ಇತರ ಕಲ್ಮಶಗಳೂ ಅದೇ ರಂಧ್ರಗಳಿಗೆ ಪೈಪೋಟಿ ನಡೆಸುತ್ತವೆ. ತುಂಬಿದ ಇದ್ದಿಲನ್ನು ಮನಬಂದಲ್ಲಿ ಸುರಿದರೆ ವಿಷ ಮತ್ತೆ ಮಣ್ಣಿಗೇ ಸೇರುತ್ತದೆ. ಅದನ್ನು ಪುನಶ್ಚೇತನಗೊಳಿಸಬೇಕು, ಇಲ್ಲವೇ ಸೂಕ್ತ ಕುಲುಮೆಯಲ್ಲಿ ಸುಡಬೇಕು.

ಕಾನೂನೂ ಬೇಕು. 2020ರಲ್ಲಿ ಕೇಂದ್ರ ಸರ್ಕಾರದ ಕರಡು ನಿಯಮವು ಕಾರ್ಖಾನೆಯ ಕೊಳಚೆಯಲ್ಲಿ ಆಂಟಿಬಯೋಟಿಕ್‌ಗಳಿಗೆ ಮಿತಿ ಸೂಚಿಸಿತ್ತು. 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳು ಉಳಿಯಲಿಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತು.

ವಿದ್ಯಾರ್ಥಿಗಳೇ, ವೈದ್ಯರು ಬರೆಯದೆ ಆಂಟಿಬಯೋಟಿಕ್ ನುಂಗಬೇಡಿರಿ. ಉಳಿದ ಮಾತ್ರೆಯನ್ನು ಚರಂಡಿಗೆ ಎಸೆಯಬೇಡಿರಿ. ರಸಾಯನಶಾಸ್ತ್ರ ಕಷ್ಟವೆಂದು ದೂರ ಸರಿಯಲೂಬೇಡಿರಿ. ಲೋವಿಟ್ಸ್ ಕಂಡದ್ದು ಒಂದು ಹಿಡಿ ಇದ್ದಿಲು. ತೆಂಗಿನ ಚಿಪ್ಪಿನಲ್ಲಿ ಅಡಗಿರುವ ಪರಿಹಾರವನ್ನು ಪೂರ್ತಿಗೊಳಿಸುವವರು ನಿಮ್ಮಲ್ಲೇ ಒಬ್ಬರಾಗಲಿ ಎಂಬುದು ನನ್ನ ದುಆ.